ಊರಿಗೆಲ್ಲ ಒಂದೇ ಕಂಪ್ಯೂಟರ್ ಇದ್ದಾಗ

ಕಳೆದ ಸೋಮವಾರ ಗಡಹಿಂಗ್ಲಜ ಬಸ್ ಸ್ಟ್ಯಾಂಡಿನಲ್ಲಿ ಪಕ್ಕದಲ್ಲಿ ಕುಳಿತಿದ್ದ ಹೆಣ್ಣುಮಗಳು ತನ್ನ ಮೊಬೈಲನ್ನು ನನ್ನ ಕೈಗೆ ಕೊಟ್ಟಳು.

“ಅಣ್ಣಾರ, ಇಂಗ್ಲಿಷ್‌ದಾಗ ಏನೋ ಬಂದೈತಿ. ಸ್ವಲ್ಪ ಓದಿ ಹೇಳ್ರಿ.”

ಕೊಲ್ಹಾಪುರದ ಲ್ಯಾಬ್ ಕಳಿಸಿದ ರಿಪೋರ್ಟ್. ಗಂಡನದು. ಆತ ಇಚಲಕರಂಜಿಯಲ್ಲಿ ಮಗ್ಗ ನಡೆಸುತ್ತಾನಂತೆ. ಮಳೆಗಾಲದಿಂದ ಕೆಮ್ಮು ಬಿಟ್ಟಿಲ್ಲವಂತೆ.

“ಹತ್ತಿ ಧೂಳ ಹೊಕ್ಕೈತ್ರಿ, ಅಷ್ಟ. ಏನೂ ಇಲ್ಲಂತ ಅತ್ತೀಗೆ ಹೇಳಾಕ ಚಂದಗಡಕ್ಕ ಹೊಂಟೇನಿ.”

ರಿಪೋರ್ಟಿನ ಕೊನೆಯ ಸಾಲಿನಲ್ಲಿ ಒಂದು ಶಬ್ದ ನನಗೆ ತಿಳಿಯಿತು. ತಿಳಿಯದಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಹೇಳುವುದೇ? ಹೇಗೆ?

ಉತ್ತೂರ ಹತ್ತಿರದ ನಮ್ಮೂರಿನ ಕಂಪ್ಯೂಟರ್ ಕೇಂದ್ರ ನೆನಪಾಯಿತು. ಹಾಲಿನ ಡೇರಿಯ ಹಿಂದಿನ ಕೋಣೆ, ಊರಿಗೆಲ್ಲ ಒಂದೇ ಕಂಪ್ಯೂಟರ್. ಅದನ್ನು ನಡೆಸುತ್ತಿದ್ದವಳು ಶಾಂತಕ್ಕ. ಪರೀಕ್ಷೆಯ ರಿಸಲ್ಟ್ ಬಂದರೆ ಹಾಲು ಹಾಕಲು ಬಂದವರೆಲ್ಲ ಬಗ್ಗಿ ನೋಡುವವರೇ. (ಗುಟ್ಟು ಎಂಬುದು ಆ ಕೋಣೆಯಲ್ಲಿ ಇರಲೇ ಇಲ್ಲ.)

“ಮಗ ಪಾಸಾಗ್ಯಾನ, ಪೇಢೆ ತಾ. ಗಣಿತದ ಮಾರ್ಕ್ಸ್ ಮಾತ್ರ ಕೇಳಬ್ಯಾಡ” ಎನ್ನುತ್ತಿದ್ದಳು ಶಾಂತಕ್ಕ.

ಆಸ್ಪತ್ರೆಯ ರಿಪೋರ್ಟುಗಳೂ ಅಲ್ಲಿಗೇ ಈಮೇಲ್‌ನಲ್ಲಿ ಬರುತ್ತಿದ್ದವು. ಸುದ್ದಿ ಕೆಟ್ಟದ್ದಾದರೆ, ಒಬ್ಬರೇ ಬಂದವರಿಗೆ ಆಕೆ ಓದಿ ಹೇಳುತ್ತಿರಲಿಲ್ಲ. “ಪ್ರಿಂಟರ್ ಕೆಟ್ಟೈತಿ. ಮನ್ಯಾಗಿನವರನ್ನ ಯಾರನ್ನರ ಕರ್ಕೊಂಡ ಬಾ” ಎನ್ನುತ್ತಿದ್ದಳು. ಅವರು ಬರುವಷ್ಟರಲ್ಲಿ ಚಹಾ ತರಿಸಿಟ್ಟಿರುತ್ತಿದ್ದಳು. ಆ ಮಾತಿನ ಅರ್ಥ ಬರಬರುತ್ತ ಊರಿಗೆಲ್ಲ ಗೊತ್ತಾಯಿತು.

ಒಮ್ಮೆ ಪ್ರಿಂಟರ್ ನಿಜವಾಗಿಯೂ ಕೆಟ್ಟಿತು. ಹೊಲದ ಉತಾರ, ಅಂದರೆ ಪಹಣಿ, ತೆಗೆಸಲು ಬಂದಿದ್ದ ಮಲ್ಲಪ್ಪನಿಗೆ ಆಕೆ ಹಾಗೆ ಹೇಳಿದ್ದೇ ತಡ, ಆತ ಹೊಸ್ತಿಲ ಮೇಲೆ ಕುಸಿದು ಕುಳಿತ.

“ಯಾರ ಹೋದ್ರ ಯಕ್ಕಾ?”

“ಯಾರೂ ಹೋಗಿಲ್ಲೋ ಯಪ್ಪಾ. ಕಾಗದ ಸಿಕ್ಕೊಂಡೈತಿ. ಏಳ.”

ಎಲ್ಲರೂ ನಕ್ಕರು. ಮಲ್ಲಪ್ಪ ಮಾತ್ರ ಚಹಾ ಕುಡಿದ ಮೇಲೆಯೇ ಎದ್ದ.

ಆಮೇಲೆ ಎಲ್ಲರ ಕೈಗೂ ಮೊಬೈಲ್ ಬಂತು. ಕೇಂದ್ರ ಮುಚ್ಚಿತು. ಆ ಕೋಣೆಯಲ್ಲಿ ಈಗ ಪಶು ಆಹಾರದ ಚೀಲಗಳಿವೆ. ಮುಚ್ಚಿದಾಗ ಯಾರಿಗೂ ಬೇಸರವಾಗಲಿಲ್ಲ. ನನಗೂ.

“ಇದನ್ನ ಡಾಕ್ಟರ ಹೇಳಬೇಕ್ರಿ” ಎಂದೆ ಬಸ್ ಸ್ಟ್ಯಾಂಡಿನ ಆ ಹೆಣ್ಣುಮಗಳಿಗೆ. “ನಿಮ್ಮ ಜೋಡಿ ಯಾರರ ಬಂದಾರೇನ್ರಿ?”

“ಯಾರೂ ಇಲ್ರಿ.” ಆಕೆ ನನ್ನ ಮುಖ ನೋಡಿದಳು. “ಛಲೋ ಇಲ್ಲ, ಹೌದಿಲ್ರಿ?”

ಸುಳ್ಳು ಹೇಳಲಾಗಲಿಲ್ಲ. “ತಡಾ ಮಾಡಬ್ಯಾಡ್ರಿ” ಎಂದಷ್ಟೇ ಅಂದೆ.

ಚಂದಗಡದ ಬಸ್ ಬಂತು. ಆಕೆ ಏಳಲಿಲ್ಲ. ನನಗೂ ಅದೇ ಬಸ್ ಬೇಕಿತ್ತು, ನಾನೂ ಏಳಲಿಲ್ಲ. ಬಸ್ ಹೋಯಿತು.

“ಈಗ ಅತ್ತೀಗೆ ಏನಂತ ಹೇಳ್ಲಿರಿ?”

ಮೊಬೈಲನ್ನು ಆಕೆಯ ಕೈಗೆ ಮರಳಿಸಿ ಅಲ್ಲೇ ಕುಳಿತೆ.

ಒಬ್ಬೊಬ್ಬರಿಗೂ ಒಂದೊಂದು ಪರದೆ ಕೊಟ್ಟಾಯಿತು, ಸರಿ. ಅದನ್ನು ಓದುವಾಗ ಪಕ್ಕದಲ್ಲಿ ಕೂಡುವವರನ್ನು ಯಾರು ಕೊಡುತ್ತಾರೆ?