ಹಳ್ಳ ದಾಟಿದ ಗುರುತು

ಇಂಥ ಮಾತು ಹೇಳುವವರನ್ನು ಕಂಡು ನಾನೇ ನಗುತ್ತಿದ್ದೆ. ಈಗ ನೀವು ನಕ್ಕರೆ ನನಗೇನೂ ಬೇಸರವಿಲ್ಲ.

ಆಗ ನಾನು ಬೆಳಗಾವಿಯ ಒಂದು ಕಚೇರಿಯಲ್ಲಿ ನಕ್ಷೆ ಮಾಡುವ ಕೆಲಸದಲ್ಲಿದ್ದೆ. ಖಾನಾಪುರದ ಕಾಡುಹಳ್ಳಿಗಳಿಗೆ ಹೆರಿಗೆ ಕೇಂದ್ರವೊಂದನ್ನು ಎಲ್ಲಿ ಕಟ್ಟಬೇಕೆಂದು ನಾವು ನಾಲ್ವರು ತೀರ್ಮಾನಿಸಬೇಕಿತ್ತು. ಆ ಹಳ್ಳಿಗಳನ್ನೆಲ್ಲ ವರ್ಷಗಟ್ಟಲೆ ಕಾಲ್ನಡಿಗೆಯಲ್ಲೇ ಸುತ್ತಿದ ನರ್ಸ್ ಶಹನಾಜ್ ಸಭೆಯ ಹಿಂದಿನ ದಿನವೇ ಕಚೇರಿಗೆ ಬಂದು ಹೇಳಿಹೋಗಿದ್ದರು. "ಹಳ್ಳದ ಆಚಿ ಗೌಳಿವಾಡಾದಾಗ ಕಟ್ರಿ ಸರ್. ಮಳಿಗಾಲದಾಗ ಹಳ್ಳ ತುಂಬಿದ್ರ ಬಸುರಿ ಹೆಂಗಸರು ದಾಟೂದು ಹೆಂಗ?"

ನಮ್ಮ ಕಚೇರಿಯ ಸಾಹೇಬರು ಅವರನ್ನು ಸಭೆಗೆ ಕರೆಯಲಿಲ್ಲ. ಸಾಹೇಬರಿಗೆ ಕೇಂದ್ರ ಹಳ್ಳದ ಈಚೆಯ ಡಾಂಬರು ರಸ್ತೆಯ ಬದಿಗೇ ಆಗಬೇಕಿತ್ತು. ಉದ್ಘಾಟನೆಗೆ ಬರುವವರ ಕಾರು ಅಲ್ಲಿಯವರೆಗೆ ಮಾತ್ರ ಹೋಗುತ್ತಿತ್ತು.

ಕಚೇರಿಗೆ ಹೊಸದಾಗಿ ಟಚ್ ಟೇಬಲ್ ಬಂದಿತ್ತು. ಮಂಚದಷ್ಟು ಅಗಲದ ಪರದೆ. ಸುತ್ತ ನಿಂತವರೆಲ್ಲ ಒಟ್ಟಿಗೇ ಬೆರಳಿನಿಂದ ನಕ್ಷೆ ತಿದ್ದಬಹುದು. ಬೆರಳು ಊರಿದಲ್ಲಿ ಬೆಳಕಿನ ಉಂಗುರವೊಂದು ಮೂಡುತ್ತಿತ್ತು. ಮಧ್ಯಾಹ್ನ ಮೂರರ ಸುಮಾರಿಗೆ ಸಾಹೇಬರು ಕೇಂದ್ರದ ಕೆಂಪು ಗುರುತನ್ನು ರಸ್ತೆಯ ಬದಿಗೆ ಎಳೆದಿಟ್ಟು, "ಮುಗೀತು, ಚಹಾ ತರಸ್ರಿ" ಎಂದರು. ಎಲ್ಲರೂ ಕೈ ತೆಗೆದೆವು.

ಆಗ ಪರದೆಯ ಮೇಲೆ ಒಂದು ಉಂಗುರ ಮೂಡಿತು. ಅದು ಗುರುತನ್ನು ಎಳೆದುಕೊಂಡು, ಕಾಲುದಾರಿ ಬಲ್ಲವರಂತೆ ಬಳಸಿ ಬಳಸಿ ಹೋಗಿ, ಹಳ್ಳ ದಾಟಿಸಿ, ಗೌಳಿವಾಡಾದ ಮೇಲೆ ಬಿಟ್ಟಿತು. ನಮ್ಮ ನಕ್ಷೆಯಲ್ಲಿ ಅಲ್ಲಿ ಯಾವ ದಾರಿಯೂ ಇರಲಿಲ್ಲ.

"ಮಷೀನ್ ಬರೋಬ್ಬರಿ ಇಲ್ಲ" ಎನ್ನುತ್ತ ಸಾಹೇಬರು ಅದನ್ನು ಹಿಂದಕ್ಕೆ ತಂದರು. ಗುರುತು ಮತ್ತೆ ಅದೇ ತಿರುವುಗಳಲ್ಲಿ ಹೋಯಿತು. ಈ ಸಲ ಅವರು ಟೇಬಲ್ ಮುಟ್ಟಲಿಲ್ಲ. "ನೀವ ಎಳೀರಿ" ಎಂದು ನನಗೆ ಹೇಳಿದರು. ರಸ್ತೆಯ ಬದಿಗೆ ಎಳೆದೆ. ಉಂಗುರ ತಡೆಯಲಿಲ್ಲ, ತಾನಾಗಿ ಆರಿಹೋಯಿತು. ಕೂಡಲೇ ನಕ್ಷೆಯನ್ನು ಸೇವ್ ಮಾಡಿಬಿಟ್ಟೆ.

ಮರುದಿನ ಖಾನಾಪುರದ ಆಸ್ಪತ್ರೆಗೆ ಹೋಗಿ ಶಹನಾಜ್ ಅವರನ್ನು ಕಂಡೆ. ಗೌಳಿವಾಡಾಕ್ಕೆ ಹೋಗುವ ದಾರಿ ಬರೆದು ತೋರಿಸಿ ಎಂದೆ. ಔಷಧಿ ಚೀಟಿಯ ಹಿಂದೆ ಅವರು ಬರೆದದ್ದು ಅವೇ ತಿರುವುಗಳು. ನಡೆದದ್ದನ್ನು ಹೇಳಿದೆ.

"ನಾ ಆ ಟೇಬಲ್ ಕಣ್ಣಿಲೆ ಸುದ್ದಾ ನೋಡಿಲ್ರಿ" ಎಂದರು. "ಅದಿರ್ಲಿ, ಖರೇ ಹೇಳ್ರಿ, ಕಡೀಕ ಎಲ್ಲಿಟ್ರಿ?"

"ರಸ್ತಾದ ಬಾಜೂಕ."

ಅವರು ಎದ್ದು ವಾರ್ಡಿನೊಳಕ್ಕೆ ಹೋದರು.

ಕೇಂದ್ರ ಆರಂಭವಾದ ವರ್ಷದ ಮಳೆಗಾಲದಲ್ಲಿ ಗೌಳಿವಾಡಾದ ಹೆಣ್ಣುಮಗಳೊಬ್ಬಳು ಹಳ್ಳದ ದಂಡೆಯಲ್ಲೇ ಹೆತ್ತಳು. ಕೂಸು ಉಳಿಯಲಿಲ್ಲ.

ಟೇಬಲ್ ನೋಡಲು ಬಂದ ಮೆಕ್ಯಾನಿಕ್, ಗಾಜಿನ ಮೇಲಿನ ತೇವದಿಂದ ಹಾಗಾಗುತ್ತದೆ ಎಂದ. ಇದ್ದರೂ ಇರಬಹುದು. ತೇವಕ್ಕೆ ಆ ದಾರಿ ಹೇಗೆ ಗೊತ್ತಾಯಿತೆಂದು ನಾನು ಅವನನ್ನು ಕೇಳಲಿಲ್ಲ. ಅವನು ಏನೋ ಸರಿಮಾಡಿ ಹೋದ. ಆಮೇಲೆ ನಾವು ಇಟ್ಟ ಯಾವ ಗುರುತೂ ಕದಲಲಿಲ್ಲ.