ಅಜ್ಜಿಗೊಂದು ಹೊಸ ಗದ್ದೆ

ಕಳೆದ ಭಾನುವಾರ ಹಾಸಿಗೆ ಕೊಳ್ಳಲು ಹೊರಟಾಗ ಅಮ್ಮ ಹೊಸ ಚಪ್ಪಲಿ ಬಿಟ್ಟು ಹಳೇ ಹವಾಯಿ ಚಪ್ಪಲಿ ಮೆಟ್ಟಿಕೊಂಡಳು. "ಕೆಸರಲ್ಲಿ ಅದನ್ಯಾಕೆ ಹಾಳು ಮಾಡೋದು?" ಎಂದಳು.

ದಿಲ್ಲಿಯ ಮೇ ತಿಂಗಳಲ್ಲಿ ಕೆಸರೇ? (ನಲ್ಲಿಯಲ್ಲೇ ನೀರಿಲ್ಲ.) ಆದರೂ ನಾನು ಕೇಳಲಿಲ್ಲ. ತಲೆಯಲ್ಲಿ ಹಾಸಿಗೆಯೇ ತುಂಬಿತ್ತು.

ಅಮ್ಮ ನಮ್ಮ ಕಿದ್ವಾಯಿ ನಗರದ ಕ್ವಾರ್ಟರ್ಸಿಗೆ ಬಂದಾಗ ಕೊಂಡ ಫೋಮ್ ಹಾಸಿಗೆ ವರ್ಷ ತುಂಬುವುದರೊಳಗೆ ನಡುವೆ ಕುಸಿದಿತ್ತು. ಕವರ್ ಬಿಚ್ಚಿ ನೋಡಿದರೆ ಒಳಗಿದ್ದದ್ದು ಬಣ್ಣಬಣ್ಣದ ಚೂರುಗಳನ್ನು ಅಂಟಿಸಿದ ಮುದ್ದೆ. ನಾವು ಕೊಂಡದ್ದು ಕವರಿನ ಹೂಗಳನ್ನು ನೋಡಿ. ಅಮ್ಮನ ಸೊಂಟ ಹಿಡಿಯಿತು. ಬೆಳಿಗ್ಗೆ ಏಳಬೇಕಾದರೆ ಕಿಟಕಿಯ ಸರಳು ಹಿಡಿಯಬೇಕು. ಗಟ್ಟಿ ಹಾಸಿಗೆಯೇ ಆಗಬೇಕು ಎಂದಿದ್ದರು ಡಾಕ್ಟರ್.

ಈ ಸುದ್ದಿಯನ್ನು ಅಜ್ಜಿಗೆ ಹೇಳಿದ್ದು ನನ್ನ ಮಗಳು ಮೇಘನಾ. ದಿಲ್ಲಿಯಲ್ಲೇ ಹುಟ್ಟಿದವಳು. ಹಿಂದಿ ಪದದ ಕೊನೆಯ 'ಆ' ತೆಗೆದು 'ಎ' ಹಚ್ಚಿದರೆ ಕನ್ನಡ ಆಗುತ್ತದೆ ಎಂಬುದು ಅವಳ ವ್ಯಾಕರಣ. (ರಾಸ್ತಾ ರಸ್ತೆಯಾಗುತ್ತದಲ್ಲ, ಹಾಗೆ.) ಹಾಸಿಗೆಗೆ ಹಿಂದಿಯಲ್ಲಿ ಗದ್ದಾ. ಅವಳ ಕನ್ನಡದಲ್ಲಿ ಗದ್ದೆ.

"ಅಜ್ಜಿ, ಪಪ್ಪಾ ನಿಮಗೆ ಹೊಸ ಗದ್ದೆ ತಗೋತಾರೆ" ಎಂದಿದ್ದಾಳೆ.

ಇದು ನನಗೆ ತಿಳಿದದ್ದು ಆಟೋದಲ್ಲಿ. ತಿಳಿದದ್ದೂ ಪೂರ್ತಿಯಾಗಿ ಅಲ್ಲ. ಮೆಟ್ರೋಗೆಂದು ಅಗೆದು ಹಾಕಿದ ಮಣ್ಣಿನ ಗುಡ್ಡೆಯನ್ನು ಅಮ್ಮ ಬಗ್ಗಿ ನೋಡಿದಳು.

"ಮರಳೇ ಜಾಸ್ತಿ. ನೀರು ನಿಲ್ಲಲ್ಲ" ಎಂದಳು. "ಗದ್ದೆ ಮಣ್ಣೂ ಹಿಂಗೇನಾ?"

"ಮಣ್ಣಾ? ಫೋಮ್ ಇರತ್ತೆ ಅಜ್ಜಿ. ಗಟ್ಟಿ ಗದ್ದೆ ನೋಡಿ ತಗೊಳ್ಳಿ ಅಂದಿದ್ದಾರೆ ಡಾಕ್ಟರ್."

"ಗಟ್ಟಿ ಇದ್ರೆ ನಾಟಿ ಹೆಂಗೆ ಮಾಡೋದು? ಗದ್ದೆ ವಿಷಯ ಡಾಕ್ಟರಿಗೇನು ಗೊತ್ತು?"

ಮೇಘನಾ ನಕ್ಕಳು. ಆಟೋದವನಿಗೂ ನಗು ಬಂತು, ಯಾಕೋ. ಅಮ್ಮ ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡು ನಾನೂ ನಕ್ಕೆ.

ಸೋಮವಾರಪೇಟೆಯ ಹತ್ತಿರ ನಮಗೊಂದು ಗದ್ದೆಯಿತ್ತು. ಅಪ್ಪ ಸೈನ್ಯದಲ್ಲಿದ್ದಷ್ಟು ಕಾಲವೂ ಅದನ್ನು ನಡೆಸಿದವಳು ಅಮ್ಮ. ಅಪ್ಪ ತೀರಿಕೊಂಡ ಮೇಲೆ ಅದನ್ನು ಮಾರಿ ನನ್ನ ಜೊತೆ ಇಲ್ಲಿಗೆ ಬಂದಳು. ಆಮೇಲೆ ಅದರ ಮಾತೆತ್ತಲಿಲ್ಲ. ಮರೆತಿರಬೇಕು ಎಂದುಕೊಂಡಿದ್ದೆ. ಮಾತಾಡದ್ದನ್ನೆಲ್ಲ ಮರೆತದ್ದು ಎಂದುಕೊಳ್ಳುವುದು ಎಷ್ಟು ಸುಲಭ ನೋಡಿ.

ಕೋಟ್ಲಾ ಮಾರ್ಕೆಟ್ಟಿನಲ್ಲಿ ಇಳಿದೆವು. ಅಂಗಡಿಯೊಳಗೆ ಹಾಸಿಗೆಗಳನ್ನು ಸೂರಿನವರೆಗೆ ಪೇರಿಸಿದ್ದರು. ಅಮ್ಮ ಅವುಗಳ ಕಡೆ ನೋಡಲೇ ಇಲ್ಲ. ಸಂದಿಯಲ್ಲಿ ಸೀದಾ ನಡೆದು ಹಿಂಬಾಗಿಲಿನ ಹತ್ತಿರ ನಿಂತಳು. ಆಚೆ ಒಂದು ಗೋಡೆ, ಒಂದು ಕೂಲರ್.

"ಹಿಂದುಗಡೆ ಇದೆಯೇನೋ?" ಎಂದು ನನ್ನನ್ನು ಕೇಳಿದಳು.

ಆಗ ನನ್ನ ನಗು ನಿಂತಿತು.

"ಆಯಿಯೇ ಮಾತಾಜಿ, ಬೈಠ್‌ಕೇ ದೇಖಿಯೇ. ಏಕ್‌ದಮ್ ಬಢಿಯಾ ಗದ್ದಾ" ಎಂದು ಅಂಗಡಿಯವರು ಕೂತು ನೋಡಲು ಕರೆಯುತ್ತಾ ಒಂದು ಹಾಸಿಗೆಯನ್ನು ತಟ್ಟಿದರು.

ಅಮ್ಮ ಆ ಕೈಯನ್ನು ನೋಡಿದಳು. "ಇದಕ್ಕೆ ಇವರೇನಂತಾರೆ?"

"ಗದ್ದಾ ಅಂತಾರಮ್ಮ."

"ಹೌದಾ" ಎಂದಳು. ಸೆರಗಿನಿಂದ ಮುಖದ ಬೆವರು ಒರೆಸಿಕೊಂಡಳು, ಬಹಳ ನಿಧಾನವಾಗಿ. ಏನಾಯಿತೆಂದು ಮೇಘನಾ ನನ್ನ ಮುಖ ನೋಡಿದಳು. ಯಾವ ವ್ಯಾಕರಣದಲ್ಲಿ ಅವಳಿಗೆ ಹೇಳುವುದು?

ಮನೆಗೆ ಹೋಗೋಣ ಎಂದೆ. ಅಮ್ಮ ಒಪ್ಪಲಿಲ್ಲ. "ಬಂದ ಮೇಲೆ ಸರಿಯಾಗಿ ನೋಡು" ಎಂದಳು.

ಕವರುಗಳ ಜಿಪ್ ತೆಗೆಸಿದೆವು. ಚೂರುಗಳ ಅಂಟುಮುದ್ದೆ ಇದ್ದದ್ದನ್ನು ಬಿಟ್ಟೆವು. ಮುಷ್ಟಿಯಿಂದ ಒತ್ತಿದರೆ ಗುಳಿ ಉಳಿಸಿಕೊಂಡದ್ದನ್ನೂ ಬಿಟ್ಟೆವು. ಅಂಚಿನಲ್ಲಿ ಕೂತು ನೋಡಿದೆವು. ಒಂದರಲ್ಲಿ ತೆಂಗಿನ ನಾರಿನ ಹಾಳೆ ನಡುವೆ ಎಲ್ಲೂ ತುಂಡಾಗದೆ ಅಂಚಿನಿಂದ ಅಂಚಿಗಿತ್ತು. ಉಜ್ಜಿದರೆ ಪುಡಿ ಉದುರಲಿಲ್ಲ. ಅಮ್ಮ ನಾರನ್ನು ಬೆರಳಿನಿಂದ ಎಳೆದು ನೋಡಿ, ಸರಿ ಎಂಬಂತೆ ತಲೆಯಾಡಿಸಿದಳು. ಮಲಗಿ, ಮಗ್ಗುಲಾಗಿ, ಏನೂ ಹಿಡಿದುಕೊಳ್ಳದೆ ಎದ್ದು ಕೂತಳು.

ಅಂಗಡಿಯವರಿಗೆ ಖುಷಿಯಾಯಿತು. "ದಸ್ ಸಾಲ್ ಕೀ ಗ್ಯಾರಂಟಿ, ಮಾತಾಜಿ."

ಹತ್ತು ವರ್ಷ ಬಾಳುತ್ತದಂತೆ ಎಂದು ನಾನು ಕನ್ನಡದಲ್ಲಿ ಹೇಳಿದೆ.

"ಹಾಗಾದ್ರೆ ಇನ್ನೂ ಹತ್ತು ವರ್ಷ ನಾನು ಇಲ್ಲೇನಾ?" ಎಂದಳು ಅಮ್ಮ.

ಮಾತಾಜಿ ಏನಂದರು ಎಂದು ಅಂಗಡಿಯವರು ನನ್ನನ್ನು ಕೇಳಿದರು. ನೀವಾಗಿದ್ದರೆ ಏನು ಹೇಳುತ್ತಿದ್ದಿರಿ?