ಅರಳಿಕಟ್ಟೆ ಸುತ್ತುವ ರೈಲು

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ನಮ್ಮಂಥವರಿಗೆ ರೈಲೆಂದರೆ ಬಸ್ಸಿನಲ್ಲಿ ಹೋಗಿ ಹತ್ತಬೇಕಾದ ವಸ್ತು. ಚುನಾವಣೆ ಹತ್ತಿರ ಬಂದಾಗ ರೈಲೂ ಹತ್ತಿರ ಬರುತ್ತದೆ, ಆಮೇಲೆ ಎರಡೂ ಹೋಗುತ್ತವೆ. ಕೊನೆಗೆ ನಾನೂ ನನ್ನ ಗೆಳೆಯನೂ ನಾವೇ ಒಂದು ರೈಲು ತಂದೆವು, ಲ್ಯಾಪ್‌ಟಾಪಿನಲ್ಲಿ.

ಗೆಳೆಯ ಜಗಳೂರಿನವನು, ಕಾಲೇಜು ಹಾಸ್ಟೆಲ್ಲಿನಲ್ಲಿ ನನ್ನ ಪಕ್ಕದ ಮಂಚದವನು. ಮಾತು ಶುರುಮಾಡುವ ಮುಂಚೆ ಚಳಿಗಾಲದ ಟ್ರ್ಯಾಕ್ಟರಿನಂತೆ ಗಂಟಲು ಕೆರೆಯುತ್ತಾನೆ. ಅದನ್ನು ಅವನಿಗಿಂತ ನಾನೇ ಚೆನ್ನಾಗಿ ಮಾಡುತ್ತೇನೆ. ನನ್ನ ಕಸುಬೇ ಮಿಮಿಕ್ರಿ. ಮದುವೆ ಆರ್ಕೆಸ್ಟ್ರಾದಲ್ಲಿ ಹಾಡುಗಾರರು ನೀರು ಕುಡಿಯುವಷ್ಟು ಹೊತ್ತು ಮೈಕು ನನ್ನದು. ಎಷ್ಟು ಜನರ ಗಂಟಲು ಕದ್ದಿದ್ದೇನೆಂದರೆ, ನನ್ನದೇ ದನಿಯಲ್ಲಿ ಫೋನ್ ಮಾಡಿದರೆ ಅವ್ವ "ಯಾರ್ರೀ ಮಾತಾಡಾದು?" ಎನ್ನುತ್ತಾಳೆ.

ಪರದೆಯ ಮೇಲೆ ರೈಲು ಓಡಿಸುವ ಆ ಪ್ರೋಗ್ರಾಮು ಅವನಿಗೆ ಇಂಟರ್ನೆಟ್ಟಿನಲ್ಲಿ ಸಿಕ್ಕಿತು. ಪುಕ್ಕಟೆ. ಯಾರು ಬೇಕಾದರೂ ಇಳಿಸಿಕೊಂಡು, ತಮ್ಮೂರಿಗೆ ತಾವೇ ಹಳಿ ಹಾಕಿ, ಲೋಕಕ್ಕೆಲ್ಲ ಹಂಚಬಹುದು. ಮೊದಲ ದಿನ ಎಂಜಿನ್ ಕದಲಲೇ ಇಲ್ಲ. ಅವನು ಕೀಲಿ ಒತ್ತಿದ, ನಾನು ಬಾಯಲ್ಲೇ ಹಾರ್ನ್ ಹೊಡೆದೆ. ಬ್ರೇಕು ಬಿಡಬೇಕು, ಮುಂದಕ್ಕೋ ಹಿಂದಕ್ಕೋ ಎಂದು ದಿಕ್ಕಿನ ಹಿಡಿಗೆ ಹೇಳಬೇಕು ಎಂದು ಗೊತ್ತಾಗುವಷ್ಟರಲ್ಲಿ ಸಂಜೆಯಾಗಿತ್ತು.

ಹಳಿ ಅವನ ಕೆಲಸ, ಸದ್ದು ನನ್ನದು. ಚಕ್ರದ ಲಟಪಟ, ಚಹಾದವನ ಕೂಗು, ಮೂಗಿನಲ್ಲಿ ಮಾತಾಡುವ ಅನೌನ್ಸ್‌ಮೆಂಟ್ ಹೆಂಗಸು, ಎಲ್ಲ ನಾನೇ. ಜಗಳೂರಿನಿಂದ ಹೊರಟು, ಸೂಳೆಕೆರೆ ಏರಿಯ ಪಕ್ಕ ಹಾದು, ಚನ್ನಗಿರಿ, ಹೊನ್ನಾಳಿ, ಕೊನೆಗೆ ನ್ಯಾಮತಿ. ಹಳಿ ಎಲ್ಲಿ ಹಾಕಬೇಕೆಂಬ ಪ್ರಶ್ನೆಯೇ ನಮಗೆ ಏಳಲಿಲ್ಲ. ಬಸ್ಸು ಹೋಗುವ ದಾರಿಯ ಮೇಲೆಯೇ ಹಾಕಿದೆವು. ಬಸ್ಸು ಎಲ್ಲೆಲ್ಲಿ ಒಳಗೆ ಹೊಕ್ಕು ಬರುತ್ತದೋ ರೈಲೂ ಅಲ್ಲಲ್ಲಿ ಹೊಕ್ಕು ಬರಬೇಕು. ನಮಗೆ ಗೊತ್ತಿದ್ದದ್ದು ಅಷ್ಟೇ.

ಒಂದು ಕಡೆ ಮಾತ್ರ ನನ್ನ ಹಟ. ಹೊನ್ನಾಳಿ–ನ್ಯಾಮತಿ ರಸ್ತೆಯಿಂದ ಒಳಗೆ ನಮ್ಮೂರು. ನಾನು ಹೈಸ್ಕೂಲಿನಲ್ಲಿದ್ದಾಗ ಬಸ್ಸು ಒಳಗೆ ಬಂದು ಅರಳಿಕಟ್ಟೆ ಸುತ್ತಿ ತಿರುಗಿಕೊಳ್ಳುತ್ತಿತ್ತು. ಆಮೇಲೆ ನಿಂತುಹೋಯಿತು. ಈಗ ಎಲ್ಲರನ್ನೂ ಕ್ರಾಸಿನಲ್ಲಿ ಇಳಿಸುತ್ತಾರೆ. ಅವ್ವ ಸಂತೆಯ ಚೀಲ ಹೊತ್ತು ಅಲ್ಲಿಂದ ನಡೆಯುತ್ತಾಳೆ. ನಮ್ಮ ರೈಲು ಮಾತ್ರ ಒಳಗೆ ಬಂತು, ಅರಳಿಕಟ್ಟೆಯವರೆಗೆ. ಉಳಿದ ಸ್ಟೇಷನ್ನುಗಳನ್ನು ಕದ್ದ ದನಿಗಳಲ್ಲಿ ಕೂಗಿದ್ದೆ. ನಮ್ಮೂರಿನ ಹೆಸರನ್ನು ನನ್ನ ದನಿಯಲ್ಲೇ ಹೇಳಿದೆ. ಗೆಳೆಯ ಕೇಳಿ, ಇದು ಯಾರ ಮಿಮಿಕ್ರಿ ಎಂದ.

ಅವ್ವನನ್ನು ಕೂರಿಸಿ ತೋರಿಸಿದೆ. ಪುಕ್ಕಟೆ ಎಂದದ್ದಕ್ಕೆ, ಹೆಂಗಸರು ಆಧಾರ್ ತೋರಿಸಬೇಕೇನು ಎಂದು ವಿಚಾರಿಸಿದಳು. ಆಮೇಲೆ ಮೆಲ್ಲಗೆ ಕೇಳಿದಳು:

"ಊರೊಳಗೆ ಬರತೈತೇನೋ?"

"ಬರತೈತವ್ವ. ಕಟ್ಟೆ ಸುತ್ತಿಕೊಂಡು ಹೋಗತೈತೆ."

ರೈಲು ಬಂತು. ನನ್ನ ದನಿ ಊರ ಹೆಸರು ಕೂಗಿತು. ಕಟ್ಟೆ ಸುತ್ತಲು ಹೋಗಿ ಎಂಜಿನ್ ಎಮ್ಮೆಯ ಹಾಗೆ ಮಗ್ಗುಲಾಯಿತು, ಅದರ ಹಿಂದೆ ಬೋಗಿಗಳು. ಒಳಗೆ ಜನ ಇದ್ದಾರೇನಪ್ಪ ಎಂದು ಅವ್ವ ಗಾಬರಿಯಾದಳು. ಇಲ್ಲ ಎಂದೆ.

ಅಂಥ ತಿರುವಿನಲ್ಲಿ ಲೋಕದ ಯಾವ ರೈಲೂ ತಿರುಗುವುದಿಲ್ಲ ಎಂದು ಪ್ರೋಗ್ರಾಮಿನವರು ಗೆಳೆಯನಿಗೆ ಬರೆದರು. ಅವನು ಫೋನಿನಲ್ಲಿ ಗಂಟಲು ಕೆರೆದ. ತಿರುವು ದೊಡ್ಡದು ಮಾಡಿದರೆ ಹಳಿ ಊರನ್ನೇ ಅಳಿಸಿಕೊಂಡು ಹೋಗುತ್ತದೆ, ಅದಕ್ಕೇ ಊರನ್ನೇ ಬಿಟ್ಟು ನೇರ ಎಳೆದಿದ್ದೇನೆ ಎಂದ. ಹಾಗಾದರೆ ನಮ್ಮೂರಿಗೆ ಬೇರೆ ಒಂದು ಕವಲು ಹಾಕು, ಖರ್ಚೇನಿಲ್ಲವಲ್ಲ, ಎಂದೆ.

"ಅಲ್ಲಿಗೆ ಯಾರು ಹೋಗ್ತಾರಲೇ? ಒಳಗೆ ಹೋಗಿ ಬರಾಕೆ ಟೈಮ್ ವೇಸ್ಟು."

ಬಸ್ಸು ನಿಂತಾಗ ಊರವರು ಡಿಪೋಗೆ ಹೋಗಿ ಕೇಳಿದ್ದಕ್ಕೆ ಸಿಕ್ಕ ಉತ್ತರವೂ ಇದೇ. ಅದನ್ನು ಹೇಳಿದವನ ದನಿಯೂ ನನಗೆ ಬರುತ್ತದೆ. ಈ ಸಲ ಮಾಡಬೇಕಾಗಲಿಲ್ಲ, ಗೆಳೆಯನೇ ಮಾಡಿದ್ದ. ಲ್ಯಾಪ್‌ಟಾಪಿನ ಜಗಳೂರಿನಲ್ಲಿ ಅವನ ಮನೆ, ಮನೆಯ ಮೇಲಿನ ನೀರಿನ ಟ್ಯಾಂಕಿನ ಸಮೇತ, ಈಗಲೂ ಸ್ಟೇಷನ್ನಿನ ಎದುರಿಗಿದೆ.

ನನಗೆ ಬೇಜಾರಾಗಬಾರದೆಂದು ರಸ್ತೆ ಕೂಡುವಲ್ಲಿ ಒಂದು ನಿಲುಗಡೆ ಇಟ್ಟ. ಹೆಸರು, ಕ್ರಾಸ್. ಅದಕ್ಕೊಂದು ಸದ್ದು ಕಳಿಸು ಎಂದ. ಸಿಟ್ಟಿನಲ್ಲಿ ನಮ್ಮ ಬಸ್ಸಿನ ಕಂಡಕ್ಟರನನ್ನು ರೆಕಾರ್ಡ್ ಮಾಡಿ ಕಳಿಸಿದೆ: "ಕ್ರಾಸ್‌ನೋರು ಇಳ್ಕೊಳ್ರಿ. ಒಳಗೆ ಹೋಗಾದಿಲ್ಲ. ಜಲ್ದಿ, ಜಲ್ದಿ."

ಅದನ್ನು ಹಾಗೆಯೇ ಹಾಕಿ, ಮಾರ್ಗವನ್ನು ಲೋಕಕ್ಕೆಲ್ಲ ಹಂಚಿದ. ಈಗ ಯಾವ್ಯಾವುದೋ ದೇಶದವರು ಓಡಿಸಿ, ಇಡೀ ಮಾರ್ಗದಲ್ಲಿ ನಿಜವೆನಿಸುವ ದನಿ ಅದೊಂದೇ ಎಂದು ಬರೆಯುತ್ತಾರೆ. ನಮ್ಮೂರಿನ ಹೆಸರು ಹೇಳಿದ ನನ್ನ ಫೈಲು ಯಾವ ಸ್ಟೇಷನ್ನಿಗೂ ಹೊಂದದೆ ಫೋಲ್ಡರಿನಲ್ಲಿ ಬಿದ್ದಿದೆ.

ಮೊನ್ನೆ ಒಮ್ಮೆ ನಾನೇ ಓಡಿಸಿದೆ. ಕ್ರಾಸ್ ಬಂತು, ಕಂಡಕ್ಟರ್ ಕೂಗಿದ. ಅಡುಗೆಮನೆಯಿಂದ ಅವ್ವ ಕೇಳಿದಳು:

"ಅವನ್ಯಾಕೋ ಮನೆತನಕ ಬಂದಾನೆ?"